ಕಣ್ಣಿಗೆ ಒಂದೇ, ಬೋಲ್ಟಿಗೆ ಬೇರೆ

ಬಾಗಿಲಿಗೆ ಹಗ್ಗ ಕಟ್ಟಿಕೊಂಡೇ ಎರಡು ಮಳೆಗಾಲ ಗಾಡಿ ಓಡಿಸಿದ್ದೇನೆ. ಟಾಟಾಮೊಬೈಲ್ 206, ಕ್ಲೀನರ್ ಸೈಡಿನ ಬಾಗಿಲು. ಹಿಡಿಕೆ ಎಳೆದರೆ ಹಿಡಿಕೆಯೇ ಕೈಗೆ ಬರುತ್ತಿತ್ತು, ಎಳೆಯದಿದ್ದರೆ ತಿರುವಿನಲ್ಲಿ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತವರು ಹಗ್ಗದ ತುದಿ ಹಿಡಿದೇ ಕೂರಬೇಕು, ಘಾಟಿಯಲ್ಲಂತೂ ಎರಡು ಸುತ್ತು ಕೈಗೆ ಸುತ್ತಿಕೊಳ್ಳಬೇಕು. ನಮ್ಮ ಮಾವ ಒಂದು ದಿನ ಹಗ್ಗ ಹಿಡಿಯಲು ಒಪ್ಪದೆ ಬಸ್ಸಿಗೆ ಹೋದರು. ಮನೆಯಲ್ಲಿ ಅದರ ಮೇಲೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದು ಬೇಡ. ಮಾರನೆಯ ದಿನವೇ ಬಾಗಿಲು ಹುಡುಕಲು ಹೊರಟೆ.

ಬಿಡಿಭಾಗದ ಅಂಗಡಿಯೊಂದರಲ್ಲಿ ಮಾಡೆಲ್ ಹೆಸರು ಹೇಳಿದ ಕೂಡಲೇ ಹುಡುಗ ಕಂಪ್ಯೂಟರ್ ನೋಡಿ ನಕ್ಕ. ಅವನು ಹುಟ್ಟುವ ಮುಂಚಿನ ಗಾಡಿ ಅದು. ಇನ್ನೊಂದು ಕಡೆ ‘ಆರ್ಡರ್ ಹಾಕಿ ಹೋಗಿ, ಬಂದರೆ ಫೋನ್ ಮಾಡ್ತೀವಿ’ ಎಂದರು. ಫೋನ್ ಬರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ನಮ್ಮೂರಿನ ಟಿಂಕರ್. ಅವರು ಬಾಗಿಲನ್ನು ಒಮ್ಮೆ ತಟ್ಟಿ, ಕೆಳಗಿನ ಅಂಚಿಗೆ ಉಗುರು ಹಾಕಿ ಕೆರೆದು, ಉದುರಿದ ತುಕ್ಕನ್ನು ನನ್ನ ಅಂಗೈಗೆ ಹಾಕಿದರು. ‘ನೀವು 206ರ ಬಾಗಿಲು ಅಂತ ಯಾಕೆ ಕೇಳ್ತೀರಿ? ಅದನ್ನ ಎಲ್ಲರೂ ತೂಕಕ್ಕೆ ಹಾಕಿ ಆಯ್ತು. ಅದರ ಅಣ್ಣತಮ್ಮಂದಿರು ಯಾರು ಅಂತ ನೋಡ್ಕೊಳ್ಳಿ, ಅವರ ಮನೇಲಿ ಕೇಳಿ’ ಎಂದರು.

ಹಳೆಯ ಗಾಡಿಗೆ ಬಾಡಿ ಪಾರ್ಟ್ ಹುಡುಕುವವನಿಗೆ ಬೇಕಾದ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿದೆ. ಗಂಡು ಹೆಣ್ಣು ನೋಡುವಾಗ ಮನೆತನ ವಿಚಾರಿಸಿದ ಹಾಗೆ ಗಾಡಿಯ ಮನೆತನವನ್ನೂ ವಿಚಾರಿಸಬೇಕು.

ನಮ್ಮ 206ರದು ದೊಡ್ಡ ಮನೆತನ. ಅಲ್ಲಿಯವರೆಗೆ ಲಾರಿ, ಬಸ್ಸು ಮಾಡಿಕೊಂಡಿದ್ದ ಟೆಲ್ಕೊ (2003ರಲ್ಲಿ ಇದರ ಹೆಸರು ಟಾಟಾ ಮೋಟಾರ್ಸ್ ಆಯಿತು) 1988ರಲ್ಲಿ ಈ ಪಿಕಪ್ಪನ್ನು ಬೀದಿಗೆ ಬಿಟ್ಟಿತು. ಅದೇ ಬುಡದ ಮೇಲೆ 1991ರಲ್ಲಿ ಸಿಯೆರಾ ಬಂತು: ಮೂರೇ ಬಾಗಿಲು, ಹಿಂಬದಿಯಲ್ಲಿ ಮಾಡಿನವರೆಗೆ ಬಾಗಿ ಹೋಗುವ ದೊಡ್ಡ ಗಾಜು. ಮರುವರ್ಷ ಎಸ್ಟೇಟ್ ಬಂತು, ಉದ್ದ ಬೆನ್ನಿನ ಸ್ಟೇಷನ್ ವ್ಯಾಗನ್. 1994ರಲ್ಲಿ ಸುಮೊ, 1998ರಲ್ಲಿ ಸಫಾರಿ. ಸುಮೊ ಎಂದರೆ ಜಪಾನಿನ ಪೈಲ್ವಾನರೆಂದು ಬಹಳ ಜನ ನಂಬಿದ್ದಾರೆ. ಕಂಪನಿಯ ಮುಖ್ಯಸ್ಥರಾಗಿದ್ದ ಸುಮಂತ್ ಮೂಳ್ಗಾಂವಕರ್ ಅವರ ಹೆಸರಿನ ಮೊದಲಕ್ಷರಗಳವು. ಇತ್ತ ಪಿಕಪ್ಪಿನ ಸಾಲಿನಲ್ಲಿ 207, ಅದರ ಮೇಲೆ 207 ಡಿಐ ಬಂದು ನಮ್ಮ ಎಪಿಎಂಸಿ ಯಾರ್ಡುಗಳಲ್ಲಿ ವರ್ಷಾನುಗಟ್ಟಲೆ ತರಕಾರಿ ಹೊತ್ತವು.

ಇವೆಲ್ಲ ಒಂದೇ ಮನೆಯವು ಎಂದ ಮಾತ್ರಕ್ಕೆ ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುತ್ತದೆ ಎಂದಲ್ಲ. ಸುಮೊದ ಡಬ್ಬದಂಥ ಮೈಯ ಒಂದು ತಗಡೂ 206ಕ್ಕೆ ಬಾರದು, ಅವೆರಡರ ನಂಟು ಇರುವುದು ಕೆಳಗೆ, ಚಾಸಿಯ ಕಡೆ. ಸಿಯೆರಾ ಹಾಗಲ್ಲ. ಅದರ ಮುಂದಿನ ಅರ್ಧವೆಲ್ಲ ಪಿಕಪ್ಪೇ. ಬಾನೆಟ್, ಮುಂದಿನ ಫೆಂಡರ್, ಬಾಗಿಲು ಎಲ್ಲ ಪಿಕಪ್ಪಿನ ಅಚ್ಚಿನಲ್ಲಿ ಒತ್ತಿದ್ದು. ಆ ಕಾಲಕ್ಕೆ ಸಿಯೆರಾ ಕೊಳ್ಳುತ್ತಿದ್ದವರು ಎಸಿ, ಪವರ್ ವಿಂಡೋ ಎಂದು ಹೆಮ್ಮೆಪಡುವ ಶ್ರೀಮಂತರು. ಕೋಸು ಹೊರುವ ಗಾಡಿಯ ಬಾಗಿಲನ್ನೇ ದಿನಾ ತೆರೆದು ಹಾಕುತ್ತಿದ್ದೇವೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಕಂಪನಿಗಳು ಹೀಗೇಕೆ ಮಾಡುತ್ತವೆ ಎಂಬುದಕ್ಕೆ ಉತ್ತರ ಅಚ್ಚಿನಲ್ಲಿದೆ. ಬಾಗಿಲಿನ ಹೊರತಗಡು ಒಂದು ಮಿಲಿಮೀಟರಿಗೂ ತೆಳು. ಅದನ್ನು ಒಂದೇ ಏಟಿಗೆ ಒತ್ತಲಾಗುವುದಿಲ್ಲ. ಮೊದಲ ಅಚ್ಚು ತಗಡನ್ನು ಎಳೆದು ಉಬ್ಬು ತಗ್ಗು ಕೊಡುತ್ತದೆ, ಮುಂದಿನದು ಅಂಚಿನ ಹೆಚ್ಚುವರಿ ತಗಡನ್ನು ಕತ್ತರಿಸುತ್ತದೆ, ಇನ್ನೊಂದು ತೂತು ಹೊಡೆಯುತ್ತದೆ, ಮತ್ತೊಂದು ಅಂಚು ಮಡಿಸುತ್ತದೆ. ನಾಲ್ಕೈದು ಅಚ್ಚು, ಒಂದೊಂದೂ ಟನ್ನುಗಟ್ಟಲೆ ತೂಗುವ ಉಕ್ಕಿನ ಗಟ್ಟಿ, ಒಂದೊಂದಕ್ಕೂ ತಿಂಗಳುಗಟ್ಟಲೆ ಕೆತ್ತನೆ. ಒಮ್ಮೆ ಮಾಡಿಸಿದ ಮೇಲೆ ಅದರಿಂದ ಲಕ್ಷಗಟ್ಟಲೆ ತಗಡು ಒತ್ತಿದರೇ ಅಸಲು ಹುಟ್ಟುವುದು. ಹಾಗಾಗಿ ಹೊಸ ಮಾಡೆಲ್ ಎಂದರೆ ಬಹಳ ಸಲ ಹೊಸ ಗ್ರಿಲ್, ಹೊಸ ಹೆಡ್‌ಲೈಟ್, ಹೊಸ ಬಂಪರ್, ಹೊಸ ಸ್ಟಿಕ್ಕರ್ ಅಷ್ಟೆ. ಕ್ಯಾಬಿನ್, ಮಾಡು, ಬಾಗಿಲು ಹಳೆಯವೇ.

ಹುಡುಕುವವರಿಗೆ ಇದರಲ್ಲಿ ಒಂದು ಅನುಕೂಲ, ಒಂದು ಮೋಸ ಎರಡೂ ಇವೆ. ಆಕಾರ ಕೊಡುವ ಅಚ್ಚು ದುಬಾರಿ, ತೂತು ಹೊಡೆಯುವ ಅಚ್ಚನ್ನು ಬದಲಾಯಿಸುವುದು ಅಷ್ಟು ದುಬಾರಿಯಲ್ಲ. ಆದ್ದರಿಂದ ಒಂದೇ ಆಕಾರದ ತಗಡು ಒಂದು ಮಾಡೆಲ್ಲಿಗೆ ಒಂದು ಬಗೆಯ ತೂತಿನಲ್ಲಿ, ಇನ್ನೊಂದಕ್ಕೆ ಇನ್ನೊಂದು ಬಗೆಯ ತೂತಿನಲ್ಲಿ ಹೊರಬೀಳುತ್ತದೆ. ಎದುರಿಗಿಟ್ಟರೆ ಅವಳಿಜವಳಿ. ಕೂರಿಸಲು ಹೋದರೆ ಕನ್ನಡಿಯ ಸ್ಕ್ರೂ ಅರ್ಧ ಇಂಚು ಆಚೆ, ಇಂಡಿಕೇಟರಿನ ಕಿಂಡಿಯೇ ಇಲ್ಲ. ಕಣ್ಣಿಗೆ ಒಂದೇ, ಬೋಲ್ಟಿಗೆ ಬೇರೆ. ಟಿಂಕರ್ ಹೇಳಿ ಕಳಿಸಿದ್ದೂ ಇದನ್ನೇ: ‘ಹೆಸರು ಕೇಳಬೇಡಿ, ಬಣ್ಣ ನೋಡಬೇಡಿ, ತೂತು ಎಣಿಸಿ.’

ಎಣಿಸಲು ಹೋದದ್ದು ಬೆಂಗಳೂರಿಗೆ. ಹೊಸ ಮಾಲಿಗೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಗಲ್ಲಿಗಳು. ದೇಶದ ಪ್ರತಿ ದೊಡ್ಡ ಊರಿಗೂ ಇಂಥದೊಂದು ಜಾಗ ಉಂಟು, ಚೆನ್ನೈಗೆ ಪುದುಪೇಟೆ, ದಿಲ್ಲಿಗೆ ಮಾಯಾಪುರಿ, ಮುಂಬೈಗೆ ಕುರ್ಲಾ. ಶಿವಾಜಿನಗರದ ಗಲ್ಲಿಯಲ್ಲಿ ತಲೆಯೆತ್ತಿದರೆ ಆಕಾಶದ ಬದಲು ಬಂಪರುಗಳು ಕಾಣುತ್ತವೆ. ಬಾಗಿಲುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿರುತ್ತಾರೆ, ಕಾಣುವುದು ಬೆನ್ನು ಮಾತ್ರ. ಅಂಗಡಿಯಾತ ಆ ಬೆನ್ನುಗಳ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತು ‘ಇದು’ ಎನ್ನುತ್ತಾನೆ. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಹಿಂಜ್ ಕೂರುವ ಜಾಗ, ಲಾಕಿನ ಕಿಂಡಿ, ಇಷ್ಟರಲ್ಲೇ ಅವನು ಕುಲಗೋತ್ರ ಹೇಳಬಲ್ಲ.

ನಾನು ನಮ್ಮ ಬಾಗಿಲಿನ ಅಳತೆ ಬರೆದುಕೊಂಡು ಹೋಗಿದ್ದೆ: ಮೇಲಿನ ಹಿಂಜಿನಿಂದ ಕೆಳಗಿನ ಹಿಂಜಿಗೆ ಎಷ್ಟು, ಪ್ರತಿ ಹಿಂಜಿಗೆ ಬೋಲ್ಟೆಷ್ಟು, ಲಾಕಿನ ಕಿಂಡಿ ಅಂಚಿನಿಂದ ಎಷ್ಟು ದೂರ. ಹಳೆಯ ದಿನಪತ್ರಿಕೆಯನ್ನು ಹಿಂಜಿನ ಜಾಗಕ್ಕಿಟ್ಟು ಪೆನ್ಸಿಲ್ಲಿನಲ್ಲಿ ಉಜ್ಜಿ ತೂತಿನ ಗುರುತು ತೆಗೆದುಕೊಂಡಿದ್ದೆ. ಅಂಗಡಿಯಾತ ಆ ಕಾಗದ ನೋಡಿ ಮೊದಲು ನಕ್ಕ. ಆಮೇಲೆ ತಾನೇ ಅದನ್ನು ಇಸಿದುಕೊಂಡು ಸಿಯೆರಾ ಬಾಗಿಲಿಗೆ ಹಿಡಿದ. ಕಾಗದದ ಕಪ್ಪು ವೃತ್ತಗಳು ತೂತುಗಳ ಮೇಲೆ ಸರಿಯಾಗಿ ಕೂತವು.

ಬೆಲೆ ಕೇಳಿದ ಮೇಲೆ ನಗುವ ಸರದಿ ನನ್ನದಾಗಿರಲಿಲ್ಲ. ಹತ್ತು ವರ್ಷದ ಕೆಳಗೆ ಇದನ್ನು ತೂಕದ ಲೆಕ್ಕದಲ್ಲಿ ಕೊಡುತ್ತಿದ್ದರಂತೆ. ಈಗ ಸಿಯೆರಾವನ್ನು ಹಳೆಯ ರೂಪಕ್ಕೆ ತರುವ ಹುಚ್ಚು ಹಿಡಿದವರು ದೇಶದ ತುಂಬ ಇದ್ದಾರೆ. 2020ರ ಆಟೊ ಎಕ್ಸ್‌ಪೋದಲ್ಲಿ ಕಂಪನಿಯೇ ಆ ಹೆಸರಿನ ಹೊಸ ಗಾಡಿಯ ಮಾದರಿ ತೋರಿಸಿದ ಮೇಲೆ ಹಳೆಯದರ ಮೇಲಿನ ಮೋಹ ಇನ್ನಷ್ಟು ಏರಿತು. ಅವರಿಗೆ ಬೇಕಾದದ್ದೂ ಇದೇ ಬಾಗಿಲು, ನನಗೆ ಬೇಕಾದದ್ದೂ ಇದೇ. ಅದಲುಬದಲಾಗುವ ಭಾಗ ಎಂದರೆ ಗಿರಾಕಿಯೂ ಇಬ್ಬರು. ಈ ಲೆಕ್ಕ ಟಿಂಕರ್ ಹೇಳಿರಲಿಲ್ಲ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲಿನ ಮೈಮೇಲೆ ಎಳೆಯುವುದು. ತಗಡಿದ್ದ ಕಡೆ ಗಟ್ಟಿಯಾಗಿ ಹಿಡಿಯುತ್ತದೆ, ಪುಟ್ಟಿ ಮೆತ್ತಿದ ಕಡೆ ಸಡಿಲವಾಗಿ ಜಾರುತ್ತದೆ. ಕೆಳಗಿನ ಅಂಚಿನಲ್ಲಂತೂ ಎರಡೆರಡು ಸಲ ಎಳೆಯಬೇಕು, ಬಾಗಿಲು ಸಾಯುವುದು ಅಲ್ಲಿಂದಲೇ. ಕಿಟಕಿ ಗಾಜಿನ ಪಕ್ಕದ ರಬ್ಬರು ಸವೆದರೆ ಮಳೆನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ತಳದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಕೆಸರು, ತರಗೆಲೆ ಕೂತು ಆ ಕಿಂಡಿ ಕಟ್ಟಿದರೆ ನೀರು ಒಳಗೇ ನಿಂತು ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣಿಸುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಮಲೆನಾಡು, ಕರಾವಳಿಯ ಗಾಡಿಗಳ ಬಾಗಿಲನ್ನು ಬಯಲುಸೀಮೆಯ ವ್ಯಾಪಾರಿ ಮುಟ್ಟಿ ನೋಡದೆ ಬೇಡ ಎನ್ನುವುದು ಇದಕ್ಕೇ. ನಿಮ್ಮ ಗಾಡಿ ಹೊಸದೇ ಇರಲಿ, ಮಳೆಗಾಲಕ್ಕೆ ಮುಂಚೆ ಒಂದು ಕಡ್ಡಿ ತೆಗೆದುಕೊಂಡು ಆ ಕಿಂಡಿ ಚುಚ್ಚಿ. ಎರಡು ನಿಮಿಷದ ಕೆಲಸ.

ನಮ್ಮಲ್ಲಿ ಈ ಮನೆತನದ ಲೆಕ್ಕವೆಲ್ಲ ಬಾಯಿಮಾತಿನಲ್ಲಿ, ಬೆರಳ ತುದಿಯಲ್ಲಿ ಇದೆ. ಅಮೆರಿಕದವರು ಅದನ್ನು ಪುಸ್ತಕಕ್ಕೆ ಇಳಿಸಿದರು. ಹಾಲಂಡರ್ ಎಂಬ ಹೆಸರಿನ ಕೈಪಿಡಿ ಅಲ್ಲಿ 1930ರ ದಶಕದಿಂದ ಇದೆ. ಯಾವ ಕಂಪನಿಯ ಯಾವ ವರ್ಷದ ಭಾಗ ಬೇರೆ ಯಾವ ಯಾವ ವರ್ಷಕ್ಕೆ ಆಗುತ್ತದೆ ಎಂದು ಹುಡುಕಿ, ಒಂದಕ್ಕೊಂದು ಒಗ್ಗುವ ಭಾಗಗಳಿಗೆಲ್ಲ ಒಂದೇ ಸಂಖ್ಯೆ ಕೊಡುವುದು ಅದರ ಕೆಲಸ. ಅಲ್ಲಿನ ಗುಜರಿಯವನಿಗೆ ಆ ಸಂಖ್ಯೆ ಹೇಳಿದರೆ ಸಾಕು.

ಪಿಕಪ್ ಎಂದರೆ ಅಲ್ಲಿ ನಮ್ಮ ಎತ್ತಿನ ಗಾಡಿಯಷ್ಟೇ ಮನೆಮಾತು, ಹಾಗಾಗಿ ಈ ಲೆಕ್ಕ ಅಲ್ಲಿನ ರೈತರಿಗೂ ಬಾಯಿಪಾಠ. ಫೋರ್ಡ್ ಎಫ್-150ಯ ಕ್ಯಾಬಿನ್ 1980ರಿಂದ 1996ರವರೆಗೆ ಮೂಲದಲ್ಲಿ ಒಂದೇ. 1996ರ ಬಾಗಿಲನ್ನು 1980ರ ಗಾಡಿಗೆ ನೇತುಹಾಕಬಹುದು. ಮುಖ ಮಾತ್ರ ಮೂರು ಬಗೆ, 86ರವರೆಗೆ ಒಂದು, 87ರಿಂದ 91 ಒಂದು, 92ರಿಂದ 96 ಇನ್ನೊಂದು. ಆದ್ದರಿಂದ ಬಾನೆಟ್ಟೊಂದನ್ನೇ ತಂದರೆ ಆಗದು, ಬಾನೆಟ್, ಎರಡು ಫೆಂಡರ್, ಗ್ರಿಲ್ ಎಲ್ಲ ಒಂದೇ ಗಾಡಿಯಿಂದ ಸೆಟ್ಟಾಗಿ ಬರಬೇಕು. ಹಿಂದಿನ ತೊಟ್ಟಿಯ ಗಡಿ ಮತ್ತೆ ಬೇರೆ: 87ರ ಮುಂಚಿನದು ಒಂದು ಜಾತಿ, ಆಮೇಲಿನದು ಇನ್ನೊಂದು. ಒಂದೇ ಗಾಡಿಯ ಬಾಗಿಲಿಗೆ ಒಂದು ಕ್ಯಾಲೆಂಡರ್, ಮುಖಕ್ಕೆ ಒಂದು, ಬೆನ್ನಿಗೆ ಒಂದು.

ಜನರಲ್ ಮೋಟಾರ್ಸಿನವರು 1973ರಿಂದ 1987ರವರೆಗೆ ಮಾಡಿದ ಚೌಕ ಮೈಯ ಪಿಕಪ್ಪುಗಳದೂ ಇದೇ ಕತೆ. ಷೆವರ್ಲೆ ಎಂದೂ ಜಿಎಂಸಿ ಎಂದೂ ಎರಡು ಹೆಸರಿನಲ್ಲಿ ಮಾರುತ್ತಿದ್ದ ಅವುಗಳ ತಗಡು ಬಹುಪಾಲು ಒಂದೇ, ಬೇರೆ ಇರುವುದು ಗ್ರಿಲ್ಲು, ಅಕ್ಷರ, ಅಲಂಕಾರ. 1981ರಲ್ಲಿ ಮುಂಭಾಗ ತಿದ್ದಿದ್ದರಿಂದ ಬಾನೆಟ್ಟು, ಫೆಂಡರುಗಳಿಗೆ ಆ ವರ್ಷವೇ ಗಡಿ. ಇಂಧನದ ಟ್ಯಾಂಕು ಒಂದೇ ಇದ್ದ ಗಾಡಿಯ ತೊಟ್ಟಿಗೆ ಒಂದು ಪಕ್ಕದಲ್ಲಿ ಮಾತ್ರ ಎಣ್ಣೆ ತುಂಬುವ ಕಿಂಡಿ, ಎರಡಿದ್ದದ್ದಕ್ಕೆ ಎರಡೂ ಪಕ್ಕ. ಅಲ್ಲಿಯೂ ಕೊನೆಗೆ ತೂತೇ ಎಣಿಸಬೇಕು, ಪುಸ್ತಕ ಇದ್ದರೂ.

ನಮ್ಮಲ್ಲಿ ಪುಸ್ತಕದ ಕೆಲಸವನ್ನು ಅಲ್ಪಸ್ವಲ್ಪ ಮಾಡುವುದು ಕಂಪನಿಯ ಪಾರ್ಟ್ಸ್ ಕ್ಯಾಟಲಾಗ್. ಎರಡು ಮಾಡೆಲ್ಲಿನ ಕ್ಯಾಟಲಾಗಿನಲ್ಲಿ ಒಂದೇ ಪಾರ್ಟ್ ನಂಬರ್ ಕಂಡರೆ ಅದು ಕಣ್ಣುಮುಚ್ಚಿ ಒಂದೇ ಭಾಗ. ನಂಬರ್ ಬೇರೆ ಇದ್ದರೆ ಆಗುವುದೇ ಇಲ್ಲ ಎಂದು ಕೈಬಿಡಬೇಡಿ, ಒಂದು ಸ್ಕ್ರೂ ತೂತು ಹೆಚ್ಚಾದರೂ ನಂಬರ್ ಬದಲಾಗುತ್ತದೆ. ಹಳೆಯ ನಂಬರಿನ ಬದಲು ಹೊಸ ನಂಬರ್ ಬಂದಿರುವುದೂ ಉಂಟು. ಹಳೆಯ ಕ್ಯಾಟಲಾಗುಗಳನ್ನು ಯಾರೂ ಎತ್ತಿಡುವುದಿಲ್ಲ ಎಂಬುದೇ ಬೇಜಾರು.

ಸಿಯೆರಾ ಬಾಗಿಲು ಊರಿಗೆ ಬಂತು. ಅದಕ್ಕೂ ಮುಂಚೆ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಅದೇ ದಿನ ಬೇರೊಂದು ಅಂಗಡಿಯಲ್ಲಿ ಎಡಗಡೆ ಫೆಂಡರನ್ನೂ ಕೇಳಿದ್ದೆ. ಮಾರುವವನು ಗಾಡಿಯ ಮುಂದೆ ನಿಂತವನ ಎಡ ಎಂದುಕೊಂಡ, ನಾನು ಸೀಟಿನಲ್ಲಿ ಕೂತವನ ಎಡ ಎಂದುಕೊಂಡಿದ್ದೆ. ಗೋಣಿಯಲ್ಲಿ ಸುತ್ತಿ ಕೊಟ್ಟದ್ದನ್ನು ಬಿಚ್ಚದೆ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಬಿಚ್ಚಿದರೆ ಬಲಗಡೆಯದು. ವಾಪಸ್ ಇಲ್ಲ ಎಂಬ ಬೋರ್ಡು ಅವರ ಅಂಗಡಿಯಲ್ಲಿ ದೊಡ್ಡದಾಗಿಯೇ ಇತ್ತು. ಗ್ಯಾರೇಜಿನವರು ಎಡ ಬಲ ಬಿಟ್ಟು ‘ಡ್ರೈವರ್ ಸೈಡ್’, ‘ಕ್ಲೀನರ್ ಸೈಡ್’ ಎನ್ನುವುದು ಸುಮ್ಮನೆ ಅಲ್ಲ.

ಬಾಗಿಲು ಕೂರಿಸಲು ಒಂದು ಬೆಳಗಿನ ಜಾವ ಶುರುಮಾಡಿದ ಟಿಂಕರ್ ಊಟದ ಹೊತ್ತಿಗೂ ಮುಗಿಸಿರಲಿಲ್ಲ. ಬೋಲ್ಟುಗಳು ಮೊದಲ ಸಲಕ್ಕೇ ಸೇರಿದವು. ಆದರೆ ಸಿಯೆರಾ ಬಾಗಿಲಿನ ಒಳಗೆ ಗಾಜು ಏರಿಳಿಸುವ ಮೋಟಾರಿನ ಏರ್ಪಾಟು, ನಮ್ಮದು ಕೈಯಲ್ಲಿ ತಿರುಗಿಸುವ ಹ್ಯಾಂಡಲ್ಲು. ಒಳತಗಡಿನ ತೂತುಗಳ ನಕ್ಷೆ ಬೇರೆ. ಹಳೆಯ ಬಾಗಿಲಿನ ಹೊಟ್ಟೆ ಬಗೆದು ಅದರ ಗಾಜು, ರೆಗ್ಯುಲೇಟರ್, ಲಾಕು, ಬೀಡಿಂಗ್ ತೆಗೆದು ಹೊಸದರಲ್ಲಿ ಕೂರಿಸಿದರು. ಎರಡು ತೂತು ಹೊಸದಾಗಿ ಕೊರೆದು, ಕೊರೆದ ಅಂಚಿಗೆ ರೆಡ್ ಆಕ್ಸೈಡ್ ಬಳಿದರು. ಬಳಿಯದಿದ್ದರೆ ಮುಂದಿನ ವರ್ಷದ ತುಕ್ಕು ಅಲ್ಲಿಂದಲೇ ಶುರು. ಒಳಗಿನ ಸಾಮಾನು ಹೀಗೆ ಬೇಕಾಗುವುದರಿಂದಲೇ ಖಾಲಿ ಬಾಗಿಲು ತಂದೆನೆಂದು ಹಳೆಯದನ್ನು ಆ ಕೂಡಲೇ ಗುಜರಿಗೆ ಹಾಕಬಾರದು.

ಆಮೇಲೆ ಲೈನು ಹಿಡಿಸುವ ಕೆಲಸ. ಕ್ಯಾಬಿನ್ನಿನ ಹಿಂದಿನ ಕಂಬ ಅಲುಗುವುದಿಲ್ಲ, ಆದ್ದರಿಂದ ಮೊದಲು ಅದಕ್ಕೆ ಬಾಗಿಲನ್ನು ಹೊಂದಿಸಬೇಕು. ಬಾಗಿಲಿಗೆ ಫೆಂಡರನ್ನು, ಫೆಂಡರಿಗೆ ಬಾನೆಟ್ಟನ್ನು. ಮುಂದಿನಿಂದ ಶುರುಮಾಡಿದವರು ಕೊನೆಗೆ ಬಾಗಿಲು ಮುಚ್ಚಲಾರದೆ ಎಲ್ಲ ಬಿಚ್ಚುತ್ತಾರೆ. ಹಿಂಜಿನ ಬೋಲ್ಟು ಅರ್ಧ ಸಡಿಲಿಸಿ, ಬಾಗಿಲಿನಡಿಗೆ ಮರದ ತುಂಡು ಕೊಟ್ಟು, ಮೊಣಕಾಲಿನಲ್ಲಿ ಒಂದು ಕೂದಲೆಳೆಯಷ್ಟು ಎತ್ತಿ, ಬಿಗಿದು, ಮುಚ್ಚಿ, ಕಿವಿಗೊಟ್ಟು, ತಲೆಯಾಡಿಸಿ ಮತ್ತೆ ಸಡಿಲಿಸುವುದು. ಇಷ್ಟನ್ನು ಅವರು ಏಳು ಸಲ ಮಾಡಿದರು. ಎಂಟನೆಯ ಸಲ ಸದ್ದು ಬೇರೆ ಬಂತು. ಅವರು ಬೀಡಿ ಹಚ್ಚಿದರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೋಲ್ಟು ಹಾಕಿ ಬಿಚ್ಚುವ ಭಾಗಗಳ ಮಾತು. ಮಾಡು, ಕ್ಯಾಬಿನ್ನಿನ ನೆಲ, ಬಾಗಿಲಿನ ಕೆಳಗಿನ ಹೊಸ್ತಿಲು ವೆಲ್ಡಿಂಗಿನವು. ಅವು ಹೋದರೆ ಇನ್ನೊಂದು ಗಾಡಿಯಿಂದ ಕತ್ತರಿಸಿ ತಂದು ಬೆಸೆಯಬೇಕು. ಅಷ್ಟು ದುಡ್ಡಿಗೆ ಕೆಲವೊಮ್ಮೆ ಇಡೀ ಗಾಡಿಯೇ ಸಿಗುತ್ತದೆ, ನನ್ನ ಮಟ್ಟಿಗೆ ಹೊಸ್ತಿಲು ಪೂರ್ತಿ ಹೋದ ಗಾಡಿಗೆ ಕೈ ಹಾಕದಿರುವುದೇ ಒಳ್ಳೆಯದು. ಹಿಂದಿನ ತೊಟ್ಟಿಯ ಚಿಂತೆ ನಮಗೆ ಅಮೆರಿಕದವರಷ್ಟಿಲ್ಲ. ಚಾಸಿ ಕೊಂಡು ಬಾಡಿ ಕಟ್ಟಿಸುವ ದೇಶ ನಮ್ಮದು. ತಮಿಳುನಾಡಿನ ನಾಮಕ್ಕಲ್ಲಿನಲ್ಲಿ ಲಾರಿಗೆ ಬಾಡಿ ಕಟ್ಟುವುದೇ ಕಸುಬು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪಿನ ಮೈಯನ್ನು ಅಡಿಯಿಂದ ಮುಡಿಯವರೆಗೆ ತಗಡಿನಲ್ಲಿ ಹೊಸದಾಗಿ ಕಟ್ಟಿಕೊಡುತ್ತಾರೆ. ಪಿಕಪ್ಪಿನ ತೊಟ್ಟಿಯನ್ನಂತೂ ಆಂಗಲ್ಲು, ಚೆಕರ್ಡ್ ಪ್ಲೇಟು ಇದ್ದರೆ ತಾಲ್ಲೂಕು ಕೇಂದ್ರದ ವೆಲ್ಡಿಂಗ್ ಶಾಪಿನವನೇ ಮಾಡಿಕೊಡುತ್ತಾನೆ. ಆದರೆ ಬಾಗಿಲನ್ನು, ಫೆಂಡರಿನ ಆ ಉಬ್ಬನ್ನು ಸುತ್ತಿಗೆಯಲ್ಲಿ ಬಡಿದು ತರುವವರು ಈಗ ಬಹಳ ಇಲ್ಲ.

ಕಾನೂನಿನ ಕಡೆ ಒಂದೆರಡು ಮಾತು. ಬಾಗಿಲು, ಫೆಂಡರು, ಬಾನೆಟ್ಟಿನ ಬದಲಿಗೆ ಅಂಥದೇ ಹಾಕಿಕೊಂಡರೆ ತಕರಾರಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಒಗ್ಗದಂತೆ ಗಾಡಿ ಬದಲಾಯಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ತೊಟ್ಟಿ ಉದ್ದ ಮಾಡಿಸುವುದು, ಸಿಂಗಲ್ ಕ್ಯಾಬಿನ್ನನ್ನು ಡಬಲ್ ಮಾಡಿಸುವುದು ಆ ಲೆಕ್ಕಕ್ಕೆ ಬರುತ್ತದೆ. ಗುಜರಿಯಲ್ಲಿ ಬಿಲ್ ಕೇಳಿ ಪಡೆಯಿರಿ. ಕದ್ದ ಗಾಡಿಗಳನ್ನು ಬಿಚ್ಚುವ ದಂಧೆಗೆ ಹೆಸರಾಗಿದ್ದ ಮೀರತ್ತಿನ ಸೋತಿಗಂಜ್ ಬಜಾರನ್ನು ಪೊಲೀಸರು 2021ರ ಡಿಸೆಂಬರಿನಲ್ಲಿ ಮುಚ್ಚಿಸಿದರು. ಅಗ್ಗಕ್ಕೆ ಸಿಕ್ಕಿದ ಬಾಗಿಲಿನ ಹಿಂದೆ ಯಾರದೋ ಕಣ್ಣೀರು ಇರಬಹುದು. ನಿಮ್ಮದೇ ಗಾಡಿಯನ್ನು ಬಿಚ್ಚಿಸುವುದಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಬಹಳ ಮಂದಿ ಇದನ್ನು ಮರೆತು ಆಮೇಲೆ ಅಲೆಯುತ್ತಾರೆ.

ನಮ್ಮ ಬಾಗಿಲು ಈಗ ಗಟ್ಟಿಯಾಗಿ ಮುಚ್ಚುತ್ತದೆ. ಬಣ್ಣ ಮಾತ್ರ ಸಿಯೆರಾದ ಕಡುಕೆಂಪೇ ಇದೆ, ಬಿಳಿ ಬಳಿಸಲು ಪೇಂಟರ್ ಪುರುಸೊತ್ತಾಗಲಿ ಎಂದಿದ್ದಾನೆ. ಹಗ್ಗವನ್ನು ಬಾವಿಗೆ ಹಾಕಿದ್ದೇವೆ. ಮಾವ ಕಳೆದ ವಾರ ಬಂದು ಕೂತರು.

ಎಡಗಡೆ ಫೆಂಡರ್ ಇನ್ನೂ ಸಿಕ್ಕಿಲ್ಲ. ನಿಮ್ಮ ತೋಟದ ಮೂಲೆಯಲ್ಲೋ ಹಿತ್ತಲಿನಲ್ಲೋ 206, ಸಿಯೆರಾ ಯಾವುದಾದರೂ ಬಳ್ಳಿ ಹಬ್ಬಿಸಿಕೊಂಡು ನಿಂತಿದ್ದರೆ, ತೂಕಕ್ಕೆ ಹಾಕುವ ಮುಂಚೆ ಅಯಸ್ಕಾಂತ ಹಿಡಿದು ಒಮ್ಮೆ ನೋಡಿ. ಕ್ಲೀನರ್ ಸೈಡಿನದು ಗಟ್ಟಿ ಇದ್ದರೆ ಎತ್ತಿಡಿ. ಬದಲಿಗೆ ಕೊಡಲು ನನ್ನ ಹತ್ತಿರ ಡ್ರೈವರ್ ಸೈಡಿನದೊಂದು ಇದೆ, ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ.